ಟ್ರೈಕ್ ಹಾರಾಟ: ಸುಖವೆಷ್ಟು, ಅಪಾಯವೆಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರೈಕ್ ನೋಡಿದವರು ಮೊದಲು ಕೇಳುವುದು "ಬಿದ್ದರೆ ಏನು ಗತಿ?" ಅಂತ. ಆಮೇಲೆ ಕೇಳುವುದು "ನನ್ನನ್ನೂ ಒಂದು ರೌಂಡ್ ಕರೆದುಕೊಂಡು ಹೋಗ್ತೀರಾ?" ಅಂತ. ಕೆಳಗಿರುವ ಪ್ರಶ್ನೆಗಳೆಲ್ಲ ಈ ಎರಡರ ಮರಿಗಳೇ.

ಟ್ರೈಕ್ ಅಂದರೆ ಯಾವುದು? ಆ ತ್ರಿಕೋನದ ರೆಕ್ಕೆಯದಾ?

ಹೌದು, ಅದೇ. ಮೇಲೆ ಹ್ಯಾಂಗ್ ಗ್ಲೈಡರ್‌ನಂಥ, ಅಂದರೆ ಎಂಜಿನ್ ಇಲ್ಲದೆ ಮನುಷ್ಯ ನೇತಾಡಿಕೊಂಡು ಹಾರುವ ಸಾಧನದಂಥ, ಬಟ್ಟೆಯ ರೆಕ್ಕೆ. ಕೆಳಗೆ ಮೂರು ಚಕ್ರದ ಗಾಡಿ. ಗಾಡಿಯಲ್ಲಿ ಹಿಂದೆ ಮುಂದೆ ಎರಡು ಸೀಟು, ಬೆನ್ನ ಹಿಂದೆ ಎಂಜಿನ್, ಅದರ ಹಿಂದೆ ಪ್ರೊಪೆಲರ್. ಬಾಲ ಇಲ್ಲ, ಬಾಗಿಲಿಲ್ಲ, ಹೆಚ್ಚಿನವುಗಳಲ್ಲಿ ಮುಂದೊಂದು ಪುಟ್ಟ ಗಾಜು ಬಿಟ್ಟರೆ ಮರೆಯೂ ಇಲ್ಲ. ಇಡೀ ಗಾಡಿ ರೆಕ್ಕೆಯ ನಡುಕೊಳವೆಗೆ ಒಂದೇ ಜಾಗದಲ್ಲಿ, ಒಂದು ಬೋಲ್ಟಿನಲ್ಲಿ ನೇತಾಡುತ್ತದೆ. ಇದನ್ನು ಕೇಳಿದ ಕೂಡಲೇ ಅರ್ಧ ಜನ ಎದ್ದು ಹೋಗುತ್ತಾರೆ. ಆ ಬೋಲ್ಟಿಗೆ ಜೊತೆಯಾಗಿ ಒಂದು ಬ್ಯಾಕಪ್ ಪಟ್ಟಿಯೂ ಇರುತ್ತದೆ ಅನ್ನುವುದನ್ನು ಅವರು ಕೇಳಿಸಿಕೊಳ್ಳುವುದೇ ಇಲ್ಲ.

ಮೆತ್ತನೆಯ ರೆಕ್ಕೆಯ ಯೋಚನೆ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ರೊಗಾಲೊ ಮತ್ತು ಅವರ ಪತ್ನಿ ಗರ್ಟ್ರೂಡ್ ಅವರದು. 1948ರಲ್ಲಿ ಅದಕ್ಕೆ ಪೇಟೆಂಟ್ ಕೇಳಿದರು. ಜೆಮಿನಿ ಬಾಹ್ಯಾಕಾಶ ನೌಕೆಯನ್ನು ಇಳಿಸಲು ನಾಸಾ ಅದನ್ನು ಪರೀಕ್ಷಿಸಿ ನೋಡಿ, ಕೊನೆಗೆ ಕೈಬಿಟ್ಟಿತು. 1963ರಲ್ಲಿ ಆಸ್ಟ್ರೇಲಿಯಾದ ಜಾನ್ ಡಿಕೆನ್ಸನ್ ಅದೇ ರೆಕ್ಕೆಗೆ ತ್ರಿಕೋನದ ಹಿಡಿಕೆ ಸೇರಿಸಿದರು. ಇವತ್ತಿಗೂ ಟ್ರೈಕ್ ಪೈಲಟ್ ಹಿಡಿಯುವ ಬಾರ್ ಅದೇ ಮಾದರಿಯದು.

ಪ್ಯಾರಾಮೋಟರ್, ಮೈಕ್ರೋಲೈಟ್, ಟ್ರೈಕ್ ಎಲ್ಲ ಒಂದೇ ಅಲ್ವಾ?

ಅಲ್ಲ. ಪ್ಯಾರಾಮೋಟರ್‌ಗೆ ಗಾಳಿ ತುಂಬಿಕೊಳ್ಳುವ ಬಟ್ಟೆ ಮಾತ್ರ, ಕೊಳವೆಗಳಿಲ್ಲ. ಟ್ರೈಕ್ ರೆಕ್ಕೆಯೊಳಗೆ ಅಲ್ಯೂಮಿನಿಯಂ ಕೊಳವೆಗಳ ಹಂದರ ಇರುತ್ತದೆ. ಮೈಕ್ರೋಲೈಟ್ ಅನ್ನುವುದು ದೊಡ್ಡ ಗುಂಪಿನ ಹೆಸರು. ಟ್ರೈಕ್ ಅದರಲ್ಲಿ ಒಂದು ಬಗೆ. ಬಾಲ, ಸ್ಟಿಕ್ (ಕೈಯಲ್ಲಿ ಹಿಡಿಯುವ ಕೋಲು), ರಡ್ಡರ್ (ಬಾಲದ ಚುಕ್ಕಾಣಿ) ಇರುವ ಪುಟ್ಟ ವಿಮಾನಗಳೂ ಅದೇ ಗುಂಪಿಗೆ ಸೇರುತ್ತವೆ.

ಬಾಲವೇ ಇಲ್ಲ ಅಂದಮೇಲೆ ತಿರುಗಿಸುವುದು ಹೇಗೆ?

ತೂಕ ಸರಿಸಿ. ಬಾರನ್ನು ಬಲಕ್ಕೆ ತಳ್ಳಿದರೆ ನೀವು ಕೂತ ಗಾಡಿ ರೆಕ್ಕೆಯ ಎಡಭಾಗದ ಕೆಳಗೆ ಸರಿಯುತ್ತದೆ, ರೆಕ್ಕೆ ಎಡಕ್ಕೆ ವಾಲುತ್ತದೆ, ಟ್ರೈಕ್ ಎಡಕ್ಕೆ ತಿರುಗುತ್ತದೆ. ಬಾರನ್ನು ಮುಂದಕ್ಕೆ ತಳ್ಳಿದರೆ ಮೂಗು ಮೇಲೇರಿ ವೇಗ ಇಳಿಯುತ್ತದೆ. ಎದೆಯ ಕಡೆ ಎಳೆದರೆ ಮೂಗು ಕೆಳಗಾಗಿ ವೇಗ ಏರುತ್ತದೆ.

ಇಲ್ಲಿ ಒಂದು ಒಳ್ಳೆಯ ಬಲೆ ಇದೆ. ಸಾಮಾನ್ಯ ವಿಮಾನದಲ್ಲಿ ಇದೆಲ್ಲ ಉಲ್ಟಾ. ಸ್ಟಿಕ್ ಎಳೆದರೆ ಮೂಗು ಮೇಲೆ, ತಳ್ಳಿದರೆ ಕೆಳಗೆ. ಹಾಗಾಗಿ ಏನೂ ಗೊತ್ತಿಲ್ಲದ ಹುಡುಗನಿಗಿಂತ, ಸೆಸ್ನಾದಂಥ ಸಾಮಾನ್ಯ ಪುಟ್ಟ ವಿಮಾನದಲ್ಲಿ ನೂರಾರು ಗಂಟೆ ಹಾರಿಸಿದವರಿಗೆ ಟ್ರೈಕ್ ಕೆಲವೊಮ್ಮೆ ಜಾಸ್ತಿ ಅಪಾಯ. ಸಮಾಧಾನವಾಗಿದ್ದಾಗ ತಲೆ ಸರಿಯಾಗಿ ಲೆಕ್ಕ ಹಾಕುತ್ತದೆ. ಗಾಬರಿಯಾದಾಗ ಕೈ ಹಳೆಯ ಅಭ್ಯಾಸಕ್ಕೆ ಓಡುತ್ತದೆ. ನೆಲಕ್ಕೆ ಹತ್ತು ಅಡಿ ಇರುವಾಗ, ಮೂಗು ಎತ್ತಬೇಕು ಅಂತ ಬಾರ್ ಎಳೆದರೆ ನೇರ ನೆಲಕ್ಕೆ ಕುಟ್ಟುತ್ತೀರಿ. "ನನಗೆ ಹಾರಿಸೋಕೆ ಬರುತ್ತೆ, ಸುಮ್ನೆ ಒಂದು ಸಲ ಕೊಡಿ" ಅನ್ನುವ ಪೈಲಟ್‌ಗಳಿಗೆ ನನ್ನ ಉತ್ತರ ಯಾವಾಗಲೂ ಇಲ್ಲ.

ನೆಲದ ಮೇಲೂ ಹೀಗೇ. ಮುಂದಿನ ಚಕ್ರವನ್ನು ಕಾಲಿನಿಂದ ತಿರುಗಿಸಬೇಕು. ಬಲಗಾಲು ಒತ್ತಿದರೆ ಗಾಡಿ ಎಡಕ್ಕೆ ಹೋಗುತ್ತದೆ.

ಎಂಜಿನ್ ನಿಂತರೆ ಕಲ್ಲಿನ ಹಾಗೆ ಬೀಳುತ್ತದಾ?

ಬೀಳುವುದಿಲ್ಲ, ಜಾರಿಕೊಂಡು ಇಳಿಯುತ್ತದೆ. ಗಾಳಿ ಇಲ್ಲದ ಹೊತ್ತಿನಲ್ಲಿ 300 ಮೀಟರ್ ಎತ್ತರದಿಂದ ಸುಮಾರು ಎರಡು ಕಿಲೋಮೀಟರ್ ಹೋಗಬಹುದು. ವೇಗವೂ ಕಡಿಮೆ ಇರುವುದರಿಂದ ಇಳಿಯಲು ಚಿಕ್ಕ ಹೊಲ ಸಾಕು. ಕಲಿಯುವಾಗ ಎಂಜಿನ್ ಐಡಲ್‌ಗೆ, ಅಂದರೆ ತೀರಾ ಕಡಿಮೆ ವೇಗಕ್ಕೆ ತಂದು ಇಳಿಸುವುದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ.

ಎಂಜಿನ್ ನಿಲ್ಲುವುದು ಅಪರೂಪದ ಘಟನೆ ಅಂದುಕೊಳ್ಳಬೇಡಿ. ಹಳೆಯ ಟ್ರೈಕ್‌ಗಳಲ್ಲಿ ರೋಟ್ಯಾಕ್ಸ್ ಕಂಪನಿಯ ಟೂ-ಸ್ಟ್ರೋಕ್ ಎಂಜಿನ್ 582 ಇರುತ್ತದೆ. ಅದನ್ನು 300 ಗಂಟೆಗೊಮ್ಮೆ ಬಿಚ್ಚಿ ಪೂರ್ತಿ ಹೊಸದು ಮಾಡಬೇಕು. ಫೋರ್-ಸ್ಟ್ರೋಕ್ ರೋಟ್ಯಾಕ್ಸ್ 912 ಇದಕ್ಕಿಂತ ಎಷ್ಟೋ ನಂಬಿಕಸ್ಥ. ಆದರೂ ಇಂಥ ಎಂಜಿನ್ ಯಾವಾಗ ಬೇಕಾದರೂ ನಿಲ್ಲಬಹುದು, ಇಳಿಯಲು ಜಾಗವಿಲ್ಲದ ಕಡೆ ಹಾರಬೇಡಿ ಅಂತ ತಯಾರಕರೇ ಕೈಪಿಡಿಯಲ್ಲಿ ಬರೆಯುತ್ತಾರೆ.

ಹಾಗಾಗಿ ಟ್ರೈಕ್ ಪೈಲಟ್‌ನ ಕಣ್ಣು ಸದಾ ಹೊಲದ ಮೇಲೆ. ಬೆಂಗಳೂರು ಗ್ರಾಮಾಂತರದ ಕಡೆ ಇದು ಅಷ್ಟು ಸುಲಭವಲ್ಲ. ರಾಗಿ ಕೊಯ್ದ ಹೊಲ ಸಿಕ್ಕರೆ ಅದೃಷ್ಟ. ದ್ರಾಕ್ಷಿ ತೋಟ ಮೇಲಿನಿಂದ ಹಸಿರು ಚಾಪೆಯಂತೆ ಕಾಣುತ್ತದೆ, ಒಳಗೆ ಸಾಲು ಸಾಲು ಕಲ್ಲುಕಂಬ, ತಂತಿ. ಪಾಲಿಹೌಸ್, ನೀಲಗಿರಿ ತೋಪು, ಸೈಟ್ ಮಾಡಿ ಕಲ್ಲು ನೆಟ್ಟ ಲೇಔಟ್, ಯಾವುದೂ ಕೆಲಸಕ್ಕೆ ಬರುವುದಿಲ್ಲ. ಹೊಸದಾಗಿ ಉತ್ತ ಮಣ್ಣಿನಲ್ಲಿ ಮುಂದಿನ ಚಕ್ರ ಹೂತು ಗಾಡಿ ಮಗುಚಬಹುದು.

ಹಾಗಾದರೆ ನಿಜವಾಗಿ ಜೀವ ತೆಗೆಯುವುದು ಯಾವುದು?

ಎಂಜಿನ್‌ಗಿಂತ ನಾನು ಹೆದರುವುದು ಮೂರಕ್ಕೆ: ಗಾಳಿ, ತಂತಿ, ಮತ್ತು ಕೆಳಗೆ ನಿಂತು ನೋಡುತ್ತಿರುವ ಸ್ನೇಹಿತರು.

ಮೂರನೆಯದು ತಮಾಷೆಯಲ್ಲ. ಯಾರೋ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಾರೆ ಅಂದ ಕೂಡಲೇ ಪೈಲಟ್ ತಗ್ಗಿನಲ್ಲಿ ಬರುತ್ತಾನೆ, ಕಡಿದಾಗಿ ಮೇಲೇರುತ್ತಾನೆ, ಜೋರಾಗಿ ತಿರುಗಿಸುತ್ತಾನೆ. ತಗ್ಗಿನಲ್ಲಿ ಬಂದರೆ ವಿದ್ಯುತ್ ತಂತಿ ಕಾಯುತ್ತಿರುತ್ತದೆ. ಮೇಲಿನಿಂದ ತಂತಿ ಕಾಣುವುದಿಲ್ಲ, ಕಂಬ ಮಾತ್ರ ಕಾಣುತ್ತದೆ. ಅದೂ ಮರಗಳ ನಡುವೆ ಇದ್ದರೆ ಇಲ್ಲ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ಲೆಕ್ಕ.

ಗಾಳಿಯ ವಿಷಯ ಬೇರೆ. ಎರಡು ಸೀಟಿನ ಟ್ರೈಕ್ ಜನ, ಪೆಟ್ರೋಲ್ ಎಲ್ಲ ಸೇರಿ ಹೆಚ್ಚಾಗಿ 450 ಕಿಲೋ ಒಳಗೇ ಇರುತ್ತದೆ. ಇಷ್ಟು ಹಗುರ ಇರುವುದರಿಂದಲೇ ಅದು ಹೊಲದಲ್ಲಿ ಇಳಿಯುತ್ತದೆ, ನಿಧಾನ ಹಾರುತ್ತದೆ. ಅದೇ ಹಗುರತನದಿಂದ ಗಾಳಿ ಅದನ್ನು ಎತ್ತಿ ಎಸೆಯುತ್ತದೆ. ಬೆಟ್ಟದ ಹಿಂಬದಿಯಲ್ಲಿ ಗಾಳಿ ಸುರುಳಿ ಸುತ್ತಿ ಕೆಳಗಿಳಿಯುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ಎಂಜಿನ್ ಪೂರ್ತಿ ಕೊಟ್ಟರೂ ಟ್ರೈಕ್ ಇಳಿಯುತ್ತಲೇ ಇರಬಹುದು. ದೊಡ್ಡ ವಿಮಾನದ ಹಿಂದೆ ಉಳಿಯುವ ಸುಳಿಯೂ ಅಷ್ಟೇ ಕೆಟ್ಟದ್ದು.

"ಟಂಬಲ್" ಅಂತ ಹೇಳ್ತಾರಲ್ಲ, ಅದೇನು?

ಟ್ರೈಕ್‌ನವರು ದನಿ ತಗ್ಗಿಸಿ ಮಾತಾಡುವ ವಿಷಯ ಇದು. ರೆಕ್ಕೆ ಮುಂದಕ್ಕೆ ಲಾಗ ಹಾಕುವುದು.

ಯಾಕೆ ಆಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಲವಿರುವ ವಿಮಾನದಲ್ಲಿ ಮೂಗನ್ನು ಹಿಡಿತದಲ್ಲಿಡುವುದು ಬಾಲ. ಟ್ರೈಕ್‌ನಲ್ಲಿ ಆ ಹಿಡಿತದ ಬಹುಪಾಲು ಕೆಳಗೆ ನೇತಾಡುವ ನಿಮ್ಮ ತೂಕದ್ದು. ತೂಕ ರೆಕ್ಕೆಯನ್ನು ಕೆಳಗೆ ಜಗ್ಗುತ್ತಿರುವ ತನಕ ಬಾರ್ ಮಾತು ಕೇಳುತ್ತದೆ. ಪೈಲಟ್ ಮೂಗನ್ನು ತೀರಾ ಕಡಿದಾಗಿ ಎತ್ತಿ ವೇಗ ಪೂರ್ತಿ ಕಳೆದುಕೊಂಡರೆ, ಮೂಗು ರಪ್ಪನೆ ಕೆಳಗೆ ಬೀಳುತ್ತದೆ. ಆ ಬೀಳುವ ರಭಸದಲ್ಲಿ ರೆಕ್ಕೆಯ ಮೇಲಿನ ಭಾರ ಇಲ್ಲವಾಗುತ್ತದೆ. ಭಾರ ಇಲ್ಲದಿದ್ದರೆ ಬಾರ್‌ಗೆ ಬೆಲೆ ಇಲ್ಲ. ರೆಕ್ಕೆ ಹಾಗೇ ಮುಂದಕ್ಕೆ ಸುತ್ತಿಕೊಂಡು ಹೋದರೆ ಕೊಳವೆಗಳು ಮುರಿಯುತ್ತವೆ. ಅಲ್ಲಿಂದ ಸರಿಪಡಿಸಿಕೊಳ್ಳುವ ವಿದ್ಯೆಯನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಆ ಕಡೆ ಹೋಗದಿರುವುದನ್ನು ಮಾತ್ರ ಕಲಿಸುತ್ತಾರೆ.

ಹಾಗಾಗಿಯೇ ಹೆಚ್ಚಿನ ಟ್ರೈಕ್ ಕೈಪಿಡಿಗಳಲ್ಲಿ ಮೂಗು 45 ಡಿಗ್ರಿಗಿಂತ ಮೇಲೆ ಕೆಳಗೆ ಹೋಗಬಾರದು, 60 ಡಿಗ್ರಿಗಿಂತ ವಾಲಬಾರದು, ಕಸರತ್ತು ಬೇಡವೇ ಬೇಡ ಅಂತ ಇರುತ್ತದೆ. ಶಾಂತ ಗಾಳಿಯಲ್ಲಿ, ಸರಿಯಾಗಿ ಟ್ಯೂನ್ ಮಾಡಿದ ರೆಕ್ಕೆ ತಾನಾಗಿ ಟಂಬಲ್ ಆಗುವುದಿಲ್ಲ. ಯಾರೋ ಕರೆದುಕೊಂಡು ಹೋಗಬೇಕು.

ಮುಂಜಾನೆ ಮಾತ್ರ ಹಾರುವುದು ಯಾಕೆ? ಹತ್ತು ಗಂಟೆಗೆ ಹೋದರೆ ಆಗಲ್ವಾ?

ಬಿಸಿಲೇರಿದರೆ ನೆಲ ಕಾಯುತ್ತದೆ. ಬಂಡೆ, ಡಾಂಬರು, ಒಣಹೊಲಗಳ ಮೇಲಿಂದ ಬಿಸಿಗಾಳಿ ಕಂಬದಂತೆ ಏಳುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿವೆ ಅಂದರೆ ಥರ್ಮಲ್ ಶುರುವಾಗಿದೆ ಅಂತ ಅರ್ಥ. ಗ್ಲೈಡರ್‌ನವರಿಗೆ ಅದು ಹಬ್ಬ. ಟ್ರೈಕ್‌ನಲ್ಲಿ ಹೊಸಬರಿಗಂತೂ ತೋಳು ಸೋಲುವ ಕುಸ್ತಿ.

ಇನ್ನೊಂದು ಕಾರಣ ಬೆಂಗಳೂರಿನ ಎತ್ತರ. ಊರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಆ ಎತ್ತರದಲ್ಲಿ ವಿಮಾನಯಾನದ ಪ್ರಮಾಣಿತ ಲೆಕ್ಕದ ಪ್ರಕಾರ ಇರಬೇಕಾದ ಉಷ್ಣಾಂಶ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಇದ್ದರೆ 25 ಡಿಗ್ರಿ ಜಾಸ್ತಿ ಆಯಿತು. ಊರಿನ 3,000 ಅಡಿಗೆ ಒಂದೊಂದು ಡಿಗ್ರಿಗೆ ಸುಮಾರು 120 ಅಡಿಯಂತೆ ಸೇರಿಸಿ. ಅಂದರೆ ನೀವು ನಿಂತಿರುವುದು ರನ್‌ವೇ ಮೇಲಾದರೂ, ರೆಕ್ಕೆ ಮತ್ತು ಎಂಜಿನ್ ಪಾಲಿಗೆ ಅದು 6,000 ಅಡಿಯ ತೆಳು ಗಾಳಿ. ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ಬೆಳಿಗ್ಗೆ ಸುಲಭವಾಗಿ ದಾಟಿದ ಮರ ಮಧ್ಯಾಹ್ನ ಹತ್ತಿರ ಬರುತ್ತದೆ. ಜೊತೆಗೆ ಹಿಂದಿನ ಸೀಟಿನಲ್ಲಿ ತೊಂಬತ್ತು ಕಿಲೋ ಭಾವಮೈದುನ ಕೂತಿದ್ದರೆ ಇನ್ನೂ ಹತ್ತಿರ.

ಪ್ಯಾರಾಚೂಟ್ ಇರುತ್ತದಾ?

ಇಡೀ ಟ್ರೈಕನ್ನೇ ಇಳಿಸುವ ಪ್ಯಾರಾಚೂಟ್ ಸಿಗುತ್ತದೆ. ಹಿಡಿ ಎಳೆದರೆ ಪುಟ್ಟ ರಾಕೆಟ್ ಅದನ್ನು ಹೊರಗೆ ಎಳೆದೊಯ್ಯುತ್ತದೆ. ಇದನ್ನು ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ಬೋರಿಸ್ ಪೊಪೊವ್. ಹ್ಯಾಂಗ್ ಗ್ಲೈಡರ್‌ನಿಂದ ಬಿದ್ದು ಬದುಕಿದ ಮೇಲೆ ಅವರಿಗೆ ಈ ಯೋಚನೆ ಬಂತು. 1980ರಲ್ಲಿ ಬಿಆರ್‌ಎಸ್ ಕಂಪನಿ ಕಟ್ಟಿದರು.

ಹಾಕಿಸಿಕೊಳ್ಳಿ ಅಂತಲೇ ನಾನು ಹೇಳುತ್ತೇನೆ. ಆದರೆ ತೀರಾ ತಗ್ಗಿನಲ್ಲಿದ್ದರೆ ಬಿಚ್ಚಿಕೊಳ್ಳಲು ಸಮಯ ಸಾಲದು. ಪ್ಯಾರಾಚೂಟನ್ನು ಆಗಾಗ ಹೊಸದಾಗಿ ಮಡಿಸಬೇಕು, ರಾಕೆಟ್‌ಗೂ ವಾಯಿದೆ ಇದೆ. ಅಪಘಾತವಾದ ಟ್ರೈಕ್ ಹತ್ತಿರ ಓಡಿ ಬರುವ ಊರಿನವರಿಗೆ ಸಿಡಿಯದೆ ಉಳಿದ ರಾಕೆಟ್ ದೊಡ್ಡ ಅಪಾಯ.

ಬಟ್ಟೆಯ ರೆಕ್ಕೆ ಹರಿದರೆ?

ಡೇಕ್ರಾನ್ ಅನ್ನುವ ಗಟ್ಟಿ ಪಾಲಿಯೆಸ್ಟರ್ ಬಟ್ಟೆ. ಹಾರುವಾಗ ಸುಮ್ಮನೆ ಹರಿಯುವಂಥದ್ದಲ್ಲ. ಅದರ ಶತ್ರು ಬಿಸಿಲು. ತಿಂಗಳುಗಟ್ಟಲೆ ಬಯಲಲ್ಲಿ ಬಿಟ್ಟ ರೆಕ್ಕೆ ನೋಡಲು ಚೆನ್ನಾಗಿದ್ದರೂ ಒಳಗೆ ಜೀರ್ಣವಾಗಿರಬಹುದು. ಬ್ರಿಟನ್ನಿನಲ್ಲಿ ಇದಕ್ಕೆ ಬೆಟ್ಸೋಮೀಟರ್ ಅನ್ನುವ ಚಿಕ್ಕ ಸಾಧನ ಬಳಸುತ್ತಾರೆ. ಬಟ್ಟೆಗೆ ಸೂಜಿ ಚುಚ್ಚಿ, ಸ್ಪ್ರಿಂಗ್ ತಕ್ಕಡಿಯಿಂದ ನಿಗದಿತ ಭಾರಕ್ಕೆ ಎಳೆದು ನೋಡುತ್ತಾರೆ. ತೂತು ಹಿಗ್ಗಿದರೆ ಆ ರೆಕ್ಕೆ ಮೂಲೆಗೆ. ಸೆಕೆಂಡ್ ಹ್ಯಾಂಡ್ ಟ್ರೈಕ್ ಕೊಳ್ಳುವವರು ಎಂಜಿನ್ ಸದ್ದು ಕೇಳಿ ಮರುಳಾಗುವುದೇ ಜಾಸ್ತಿ. ಮೊದಲು ಕೇಳಬೇಕಾದದ್ದು ರೆಕ್ಕೆಯನ್ನು ಎಲ್ಲಿ ಇಟ್ಟಿದ್ದಿರಿ ಅಂತ.

ಬಂಕ್‌ನಲ್ಲಿ ಸಿಗುವ ಪೆಟ್ರೋಲ್ ನಡೆಯುತ್ತದಾ?

ಈ ಎಂಜಿನ್‌ಗಳು ಕಾರಿನ ಪೆಟ್ರೋಲ್‌ಗೇ ಆಗಿರುವಂಥವು. ತೊಂದರೆ ಈಗಿನ ಎಥನಾಲ್‌ನದು. ರೋಟ್ಯಾಕ್ಸ್ 912ಕ್ಕೆ ಶೇ. 10ರವರೆಗೆ ಎಥನಾಲ್ ಇರುವ ಪೆಟ್ರೋಲ್‌ಗೆ ಒಪ್ಪಿಗೆ ಇದೆ. ನಮ್ಮ ಬಂಕ್‌ಗಳಲ್ಲಿ ಈಗ ಶೇ. 20 ಬೆರೆಸಿದ್ದು ಸಿಗುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಕಾರು ಕೆಮ್ಮಿದರೆ ರಸ್ತೆಬದಿಗೆ ನಿಲ್ಲಿಸಬಹುದು, ಟ್ರೈಕ್‌ನಲ್ಲಿ ಹಾಗಾಗಲ್ಲ. ಇಂಧನ ಎಲ್ಲಿಂದ ತರುತ್ತೀರಿ ಅಂತ ನಿಮ್ಮ ಕ್ಲಬ್‌ನಲ್ಲಿ ಕೇಳಿ.

ಇಷ್ಟೆಲ್ಲ ಇದ್ದೂ ಜನ ಯಾಕೆ ಹಾರುತ್ತಾರೆ?

ಗಾಜಿನ ಹಿಂದೆ ಕೂತು ನೋಡುವುದಕ್ಕೂ, ಗಾಳಿಯಲ್ಲೇ ಕೂತು ನೋಡುವುದಕ್ಕೂ ಇರುವ ವ್ಯತ್ಯಾಸಕ್ಕೆ. ಗಂಟೆಗೆ ಎಂಬತ್ತು ತೊಂಬತ್ತು ಕಿಲೋಮೀಟರ್ ವೇಗದಲ್ಲಿ, ಕಾಲ ಕೆಳಗೇ ಕೆರೆ, ಅದರಾಚೆ ನಂದಿಬೆಟ್ಟ, ಬೆಟ್ಟದ ಸೊಂಟಕ್ಕೆ ಮಂಜು. ಒಲೆ ಹೊಗೆಯ ವಾಸನೆ ಮೇಲಿನ ತನಕ ಬರುತ್ತದೆ. ಕೆರೆಯ ಮೇಲೆ ಹೋದರೆ ಮುಖಕ್ಕೆ ತಂಪು ತಾಗುತ್ತದೆ, ದಾಟಿದ ಕೂಡಲೇ ಬೆಚ್ಚಗಾಗುತ್ತದೆ. ಕೆರೆಯಿಂದ ಕೆರೆಗೆ ನೀರು ಹೇಗೆ ಹರಿಯುತ್ತಿತ್ತು, ರಾಜಕಾಲುವೆ ಎಲ್ಲಿ ಮಾಯವಾಯಿತು ಅನ್ನುವುದು ಒಂದು ಸುತ್ತಿನಲ್ಲಿ ಅರ್ಥವಾಗುತ್ತದೆ. ಸರ್ವೆ ನಕ್ಷೆಗಿಂತ ಚೆನ್ನಾಗಿ.

ನಿಧಾನದಿಂದ ಆದ ಕೆಲಸಗಳೂ ಇವೆ. ಉತ್ತರ ಅಮೆರಿಕದ ವೂಪಿಂಗ್ ಕ್ರೇನ್ ಎಂಬ ಎತ್ತರದ ಬಿಳಿ ಹಕ್ಕಿ 1940ರ ದಶಕದ ಶುರುವಿಗೆ ಇಪ್ಪತ್ತರ ಆಸುಪಾಸಿಗೆ ಇಳಿದಿತ್ತು. ಆಮೇಲೆ ಸಾಕಿ ಬೆಳೆಸಿದ ಮರಿಗಳಿಗೆ ವಲಸೆ ದಾರಿ ಗೊತ್ತಿರಲಿಲ್ಲ, ಅದನ್ನು ತೋರಿಸಬೇಕಾದ ಅಪ್ಪ ಅಮ್ಮ ಇರಲಿಲ್ಲ. 2001ರಿಂದ 'ಆಪರೇಷನ್ ಮೈಗ್ರೇಷನ್' ತಂಡದವರು ಟ್ರೈಕ್‌ನಲ್ಲಿ ಮುಂದೆ ಹಾರಿ, ಮರಿಗಳನ್ನು ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ ಸುಮಾರು 2,000 ಕಿಲೋಮೀಟರ್ ಕರೆದುಕೊಂಡು ಹೋದರು. ಮರಿಗಳು ಮನುಷ್ಯರಿಗೆ ಒಗ್ಗಬಾರದು ಅಂತ ಮೈತುಂಬ ಬಿಳಿ ನಿಲುವಂಗಿ ಹಾಕಿಕೊಂಡು, ಕೈಗೆ ಹಕ್ಕಿತಲೆಯ ಬೊಂಬೆ ತೊಟ್ಟು, ಮಾತೇ ಆಡದೆ ಸಾಕಿದರು. ಹಕ್ಕಿಯ ವೇಗಕ್ಕೆ ಹೊಂದಿಕೊಂಡು ಹಾರುವ ಯಂತ್ರವೇ ಬೇಕಿತ್ತು, ಟ್ರೈಕ್ ಒದಗಿತು. 2015ರ ವಲಸೆಯ ನಂತರ ಈ ಪದ್ಧತಿ ನಿಂತಿತು. ಹೀಗೆ ಬೆಳೆದ ಹಕ್ಕಿಗಳು ತಮ್ಮ ಮರಿಗಳನ್ನು ಸರಿಯಾಗಿ ಸಾಕುತ್ತಿರಲಿಲ್ಲ. ಆದರೂ ದಾರಿ ಮಾತ್ರ ಕಲಿತವು. ಮೊದಲ ಸಲ ಟ್ರೈಕ್ ಹಿಂದೆ ಹೋದವು, ವಾಪಸ್ ತಾವಾಗಿಯೇ ಬಂದವು.

ಎಷ್ಟು ದೂರ, ಎಷ್ಟು ಎತ್ತರ ಹೋಗಬಹುದು?

ಸಾಮಾನ್ಯವಾಗಿ ಎರಡು ಮೂರು ಗಂಟೆ, ಕೆಲವು ಸಾವಿರ ಅಡಿ. ಹಟ ಹಿಡಿದವರ ಕತೆ ಬೇರೆ. ಬ್ರಿಟನ್ನಿನ ಬ್ರಯಾನ್ ಮಿಲ್ಟನ್ 1998ರಲ್ಲಿ ಟ್ರೈಕ್‌ನಲ್ಲಿ 120 ದಿನಗಳಲ್ಲಿ ಭೂಮಿ ಸುತ್ತಿದರು. 2004ರ ಮೇನಲ್ಲಿ ರಿಚರ್ಡ್ ಮೆರೆಡಿತ್-ಹಾರ್ಡಿ ಟ್ರೈಕ್‌ನಲ್ಲಿ ಎವರೆಸ್ಟ್ ಮೇಲೆ ಹಾರಿದರು. ಇಟಲಿಯ ಆಂಜೆಲೊ ದಾರಿಗೊ ಅವರ ಹ್ಯಾಂಗ್ ಗ್ಲೈಡರನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿದ್ದರು ಬೇರೆ.

ಕರ್ನಾಟಕಕ್ಕೂ ಟ್ರೈಕ್‌ಗೂ ಏನಾದರೂ ನಂಟು ಇದೆಯಾ?

ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ 1980ರ ದಶಕದಿಂದಲೇ ಹ್ಯಾಂಗ್ ಗ್ಲೈಡರ್ ಮಾಡುತ್ತಿತ್ತು, ಟ್ರೈಕ್‌ಗಳನ್ನೂ ತಯಾರಿಸಿತು. ಅವರ ಎಕ್ಸ್-ಏರ್ ಮೈಕ್ರೋಲೈಟ್ ವಿದೇಶಗಳಲ್ಲೂ ಹಾರಿತು. ಅದು ಬಾಲವಿರುವ ಬಗೆ. ಬೆಂಗಳೂರಿನಲ್ಲಿ ಮೈಕ್ರೋಲೈಟ್ ಅಂದರೆ ಜನರಿಗೆ ನೆನಪಾಗುವುದು ಜಕ್ಕೂರಿನ ಏರ್‌ಫೀಲ್ಡ್. ಅಲ್ಲಿಗೆ ಯಲಹಂಕ ವಾಯುಪಡೆ ನೆಲೆ ಹತ್ತಿರ, ಕೆಂಪೇಗೌಡ ವಿಮಾನ ನಿಲ್ದಾಣವೂ ದೂರವಲ್ಲ. ಹಾಗಾಗಿ ಮನಸ್ಸು ಬಂದ ಕಡೆ, ಬಂದ ಎತ್ತರಕ್ಕೆ ಹಾರುವ ಹಾಗಿಲ್ಲ.

ಲೈಸೆನ್ಸ್ ಬೇಕಾ?

ಬೇಕು. ಅಮೆರಿಕದಲ್ಲಿ 115 ಕಿಲೋಗಿಂತ ಹಗುರದ, ಒಂದೇ ಸೀಟಿನ ಅಲ್ಟ್ರಾಲೈಟ್‌ಗೆ ಲೈಸೆನ್ಸ್ ಕೇಳುವುದಿಲ್ಲ. ಅದನ್ನು ಯೂಟ್ಯೂಬ್‌ನಲ್ಲಿ ನೋಡಿ, ಮನೆಯ ಹಿಂದೆ ಹಾರಿಸಬಹುದು ಅಂತ ಇಲ್ಲಿನವರು ಹೊರಡುತ್ತಾರೆ. ಭಾರತದಲ್ಲಿ ಹಾಗಿಲ್ಲ. ಮೈಕ್ರೋಲೈಟ್‌ಗೆ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನೋಂದಣಿ, ಪೈಲಟ್‌ಗೆ ಲೈಸೆನ್ಸ್, ವೈದ್ಯಕೀಯ ಪರೀಕ್ಷೆ ಬೇಕು. ಪವರ್ಡ್ ಹ್ಯಾಂಗ್ ಗ್ಲೈಡರ್ (ಎಂಜಿನ್ ಇರುವ ಹ್ಯಾಂಗ್ ಗ್ಲೈಡರ್) ಮಾರಬೇಕಾದರೂ ಗೃಹ ಸಚಿವಾಲಯದ ಒಪ್ಪಿಗೆ ಪಡೆದ ಡಿಜಿಸಿಎ ಪ್ರಮಾಣಪತ್ರ ಬೇಕು. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಾಚರಣೆ ಹತ್ತಿರ ಬಂದರೆ ದೆಹಲಿ ಪೊಲೀಸರು ಇವೆಲ್ಲವನ್ನೂ ನಿಷೇಧಿಸುತ್ತಾರೆ. ಕಿರಿಕಿರಿ ಅನ್ನಿಸಬಹುದು, ಆದರೆ ಕಾರಣ ಊಹಿಸುವುದು ಕಷ್ಟವಲ್ಲ.

ನನಗೆ ಕಲಿಯುವುದು ಬೇಡ, ಒಂದು ಜಾಯ್‌ರೈಡ್ ಸಾಕು. ಏನು ನೋಡಬೇಕು?

ಪೈಲಟ್‌ನ ಲೈಸೆನ್ಸ್, ಟ್ರೈಕ್‌ನ ನೋಂದಣಿ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲೇ ಉತ್ತರ ಸಿಕ್ಕಿತು. ಹಾರುವ ಮುಂಚೆ ಆತ ಟ್ರೈಕ್ ಸುತ್ತ ಒಂದು ಸುತ್ತು ಬಂದು ಬೋಲ್ಟು, ತಂತಿ, ಪ್ರೊಪೆಲರ್ ಮುಟ್ಟಿ ನೋಡುತ್ತಾನಾ ಗಮನಿಸಿ. "ಇವತ್ತು ಗಾಳಿ ಸರಿ ಇಲ್ಲ, ನಾಳೆ ಬನ್ನಿ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಅಂಥವರ ಜೊತೆಯೇ ಹಾರಬೇಕು.

ಪ್ರೊಪೆಲರ್ ನಿಮ್ಮ ಬೆನ್ನ ಹಿಂದೆ ಸುತ್ತುತ್ತಿರುತ್ತದೆ. ಕೈಜಾರಿದ ಮೊಬೈಲ್, ಹಾರಿದ ಟೋಪಿ, ಕಳಚಿದ ಚಪ್ಪಲಿ ನೇರ ಅದಕ್ಕೇ ಹೋಗುತ್ತದೆ. ದುಪಟ್ಟಾ, ಶಾಲು ಬೇಡ. ಜೇಬು ಖಾಲಿ ಇರಲಿ. ಲೇಸ್ ಕಟ್ಟುವ ಶೂ ಹಾಕಿ, ಜಡೆಯನ್ನು ಹೆಲ್ಮೆಟ್ ಒಳಗೆ ಸೇರಿಸಿ. ಮೇಲೆ ಚಳಿ ಇರುತ್ತದೆ. ಪ್ರತಿ ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿ ಇಳಿಯುತ್ತದೆ, ಅದರ ಮೇಲೆ ಎದುರುಗಾಳಿ. ಡಿಸೆಂಬರ್‌ನಲ್ಲಿ ಟೀ ಶರ್ಟ್‌ನಲ್ಲಿ ಬರುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ಬೈಕ್ ಓಡಿಸುವುದಕ್ಕಿಂತ ಅಪಾಯವಾ?

ಬೈಕ್‌ನಲ್ಲಿ ಬೇರೆಯವರ ತಪ್ಪು ನಿಮ್ಮನ್ನು ಹೊಡೆಯುತ್ತದೆ. ಟ್ರೈಕ್‌ನಲ್ಲಿ ಬಹುಪಾಲು ನಿಮ್ಮದೇ ತಪ್ಪು. ಅದು ಸಮಾಧಾನವೋ ಭಯವೋ ಅನ್ನುವುದು ಅವರವರ ಸ್ವಭಾವಕ್ಕೆ ಬಿಟ್ಟಿದ್ದು. ಇನ್ಶೂರೆನ್ಸ್ ಕಂಪನಿಗಳಿಗಂತೂ ಗೊಂದಲವಿಲ್ಲ. ಟಿಕೆಟ್ ಕೊಂಡು ವಿಮಾನದಲ್ಲಿ ಹೋದರೆ ಸರಿ, ಉಳಿದ ಹಾರಾಟಕ್ಕೆ ಪರಿಹಾರ ಇಲ್ಲ ಅಂತ ಹಲವು ಅಪಘಾತ ಪಾಲಿಸಿಗಳಲ್ಲಿ ಇರುತ್ತದೆ. ಸಣ್ಣಕ್ಷರ ಓದಿ.

ಮನೆಯಲ್ಲಿ ಒಪ್ಪುತ್ತಿಲ್ಲ. ಏನು ಮಾಡಲಿ?

ಸುಳ್ಳು ಹೇಳಬೇಡಿ. ಒಂದು ಬೆಳಿಗ್ಗೆ ಮನೆಯವರನ್ನೂ ಏರ್‌ಫೀಲ್ಡ್‌ಗೆ ಕರೆದುಕೊಂಡು ಬನ್ನಿ. ಚೆಕ್‌ಲಿಸ್ಟ್ ಓದುವುದನ್ನು, ಗಾಳಿ ಬಂತು ಅಂತ ಟ್ರೈಕನ್ನು ವಾಪಸ್ ಶೆಡ್‌ಗೆ ತಳ್ಳುವುದನ್ನು ಅವರು ನೋಡಲಿ. ಅದನ್ನು ನೋಡಿದ ಮೇಲೂ ಬೇಡ ಅಂದರೆ, ಅವರ ಮಾತಲ್ಲೂ ನ್ಯಾಯವಿದೆ. ಎಷ್ಟೋ ಸಲ ನಡೆಯುವುದು ಬೇರೆಯೇ. ಬೇಡ ಅಂತ ಹೇಳಲು ಬಂದ ಅತ್ತೆಯೇ ಹೆಲ್ಮೆಟ್ ಸೈಜ್ ಕೇಳುತ್ತಾರೆ.